ತಲೆ ಸವೆದ ಸ್ಕ್ರೂ, ತುಂಡಾದ ಸ್ಟಡ್: ಎಂಜಿನ್ ಮತ್ತು ಹಬ್ ರಿಪೇರಿಗೆ ಮಾಹಿತಿ

ಪಾಪಿರೆಡ್ಡಿಪಟ್ಟಿ: ಬಾವಿ ಕಟ್ಟೆಯ ಮೇಲಿನ ಡೀಸೆಲ್ ಎಂಜಿನ್, ಕಬ್ಬು ಸಾಗಿಸುವ ಟ್ರ್ಯಾಕ್ಟರ್, ಸಂತೆಗೆ ಹೋಗಿಬರುವ ಮೊಪೆಡ್ ಇವುಗಳಲ್ಲಿ ಯಾವುದು ಕೆಟ್ಟರೂ ರಿಪೇರಿ ಶುರುವಾಗುವುದು ಒಂದು ಬೋಲ್ಟ್ ಬಿಚ್ಚುವುದರಿಂದ. ಆ ಬೋಲ್ಟ್ ಬಾರದೆ ಹೋದರೆ ಅರ್ಧ ಗಂಟೆಯ ಕೆಲಸ ಎರಡು ದಿನಕ್ಕೆ ಹೋಗುತ್ತದೆ. ಅವಸರದಲ್ಲಿ ಉಳಿ ಇಟ್ಟು ಹೊಡೆದರೆ ಕೆಲವು ರೂಪಾಯಿಯ ಸ್ಕ್ರೂವಿಗಾಗಿ ಸಾವಿರಾರು ರೂಪಾಯಿಯ ಕೇಸಿಂಗ್ ಹಾಳಾಗುತ್ತದೆ. ಗಾಲಿಯ ಸ್ಟಡ್ ಆಗಿದ್ದರೆ ಹೋಗುವುದು ದುಡ್ಡಷ್ಟೇ ಅಲ್ಲ, ಪ್ರಾಣಕ್ಕೂ ಅಪಾಯ. ಸೇಲಂ ಮತ್ತು ಹರೂರು ನಡುವಿನ ಮಂಜವಾಡಿ ಕಣಿವೆಯಂಥ ಇಳಿಜಾರಿನಲ್ಲಿ ಗಾಲಿ ಕಳಚಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಧರ್ಮಪುರಿ 1965ರ ಅಕ್ಟೋಬರ್ 2ರಂದು ಸೇಲಂ ಜಿಲ್ಲೆಯಿಂದ ಬೇರೆಯಾಯಿತು. ಅದರಿಂದ ಕೃಷ್ಣಗಿರಿ ಬೇರೆಯಾದದ್ದು 2004ರ ಫೆಬ್ರವರಿ 9ರಂದು. ಈ ಸೀಮೆಗೂ ಎಂಜಿನ್ ಕೆಲಸಕ್ಕೂ ನಂಟು ಹಳೆಯದು. ಆಗ ಧರ್ಮಪುರಿ ಜಿಲ್ಲೆಯಲ್ಲೇ ಇದ್ದ ಹೊಸೂರಿನಲ್ಲಿ 1980ರಲ್ಲಿ ಟಿವಿಎಸ್ 50 ಮೊಪೆಡ್ ತಯಾರಾಗಿ ಹೊರಬಂತು. ಅದೇ ಊರಿನಲ್ಲಿ ಅಶೋಕ್ ಲೇಲ್ಯಾಂಡ್ ಲಾರಿ ಕಾರ್ಖಾನೆಯೂ ಬಂತು. ಪಾಪಿರೆಡ್ಡಿಪಟ್ಟಿ, ಬೊಮ್ಮಿಡಿ, ಹರೂರು, ಪಾಲಕ್ಕೋಡು ಕಡೆಯ ಹಳ್ಳಿಗಳಲ್ಲಿ ಸಣ್ಣ ರಿಪೇರಿಯನ್ನು ಮನೆಯವರೇ ಮಾಡಿಕೊಳ್ಳುವುದು ರೂಢಿ. ಕೆಲಸ ಕೈಮೀರಿದಾಗ ಪೇಟೆಯ ಲೇತ್ ಪಟ್ಟರೆ ಇದ್ದೇ ಇದೆ. ಯಾವ ಕೆಲಸ ಮನೆಯಲ್ಲಿ ಮಾಡಬಹುದು, ಯಾವುದನ್ನು ಅಲ್ಲಿಗೆ ಒಯ್ಯಬೇಕು ಎಂಬುದನ್ನು ತಿಳಿಸುವ ಮಾಹಿತಿ ಇಲ್ಲಿದೆ.

ಮೊದಲು ಹೆಸರುಗಳು

ಬೋಲ್ಟಿನ ಮೈಮೇಲಿನ ಸುತ್ತುಗೆರೆಯನ್ನು ತಮಿಳಿನಲ್ಲಿ 'ಮರೈ' ಎನ್ನುತ್ತಾರೆ. ಕನ್ನಡ ಮಾತಿನಲ್ಲಿ ಅದು ಥ್ರೆಡ್. ತಲೆ ಇರುವುದು ಬೋಲ್ಟ್ ಅಥವಾ ಸ್ಕ್ರೂ. ತಲೆ ಇಲ್ಲದೆ ಎರಡು ತುದಿಯಲ್ಲೂ ಥ್ರೆಡ್ ಇದ್ದು, ಒಂದು ತುದಿ ಎಂಜಿನ್ನಿನ ಮೈಯಲ್ಲಿ ಕೂತು ಇನ್ನೊಂದು ತುದಿಗೆ ನಟ್ಟು ಬೀಳುವುದು ಸ್ಟಡ್. ಗಾಲಿ ಹಬ್ಬಿನ ಸ್ಟಡ್ ಬೇರೆ ಜಾತಿಯದು. ಅದಕ್ಕೆ ಹಿಂಬದಿಯಲ್ಲಿ ತಲೆಯಿದ್ದು, ಕುತ್ತಿಗೆಯಲ್ಲಿ ಹಲ್ಲುಹಲ್ಲಾದ ಗೀರುಗಳಿರುತ್ತವೆ. ಅದನ್ನು ಹಬ್ಬಿನ ತೂತಿಗೆ ಒತ್ತಿ ಕೂರಿಸಿರುತ್ತಾರೆ, ತಿರುಗಿಸಿ ಹಾಕಿರುವುದಿಲ್ಲ.

'ಬರುತ್ತಿಲ್ಲ' ಎಂಬ ಒಂದೇ ಮಾತಿನ ಹಿಂದೆ ಐದು ಬೇರೆ ಬೇರೆ ತೊಂದರೆಗಳಿರಬಹುದು. ಒಂದು, ತಲೆಯ ಮೂಲೆ ಸವೆದು ಸ್ಪ್ಯಾನರ್ ಜಾರುವುದು. ಎರಡು, ತಲೆ ಚೆನ್ನಾಗಿದ್ದರೂ ತುಕ್ಕಿನಿಂದ ಥ್ರೆಡ್ ಹಿಡಿದುಕೊಂಡಿರುವುದು. ಮೂರು, ಬೋಲ್ಟ್ ಅರ್ಧಕ್ಕೆ ತುಂಡಾಗಿ ಉಳಿದದ್ದು ಒಳಗೆ ಸಿಕ್ಕಿಕೊಂಡಿರುವುದು. ನಾಲ್ಕು, ತೂತಿನ ಒಳಗಿನ ಥ್ರೆಡ್ ಹೋಗಿ ಬೋಲ್ಟ್ ಸುಮ್ಮನೆ ಸುತ್ತುವುದು. ಐದು, ಹಬ್ಬಿನ ಸ್ಟಡ್ಡೇ ನಟ್ಟಿನ ಜೊತೆ ತಿರುಗುವುದು. ಐದಕ್ಕೂ ಮದ್ದು ಬೇರೆ ಬೇರೆ. ಯಾವುದು ಎಂದು ಗುರುತಿಸಿದ ಮೇಲೆಯೇ ಸುತ್ತಿಗೆ ಎತ್ತಬೇಕು.

ಏಕೆ ಹಿಡಿದುಕೊಳ್ಳುತ್ತದೆ?

ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹೆಚ್ಚುತ್ತದೆ. ಥ್ರೆಡ್ಡಿನ ಸಂದಿನಲ್ಲಿ ಹುಟ್ಟಿದ ತುಕ್ಕು ಬೆಣೆ ಬಡಿದಂತೆ ಬಿಗಿಯುತ್ತದೆ. ಎಂಜಿನ್ ಕೇಸಿಂಗ್ ಅಲ್ಯೂಮಿನಿಯಂ, ಬೋಲ್ಟ್ ಉಕ್ಕು ಆದಾಗ ಇನ್ನೊಂದು ತೊಂದರೆ ಸೇರುತ್ತದೆ. ಎರಡು ಬೇರೆ ಲೋಹಗಳ ನಡುವೆ ನೀರು ನಿಂತರೆ ಸಣ್ಣ ಬ್ಯಾಟರಿಯಂತೆ ಕೆಲಸ ನಡೆದು ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಥ್ರೆಡ್ಡನ್ನು ತುಂಬುತ್ತದೆ. ಗದ್ದೆ ಕೆಸರು, ಗೊಬ್ಬರದ ಉಪ್ಪು ತಾಗುವ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ.

ಸೈಲೆನ್ಸರ್ ಕೂರುವ ಸ್ಟಡ್ಡುಗಳು ದಿನವೂ ಕಾದು ತಣಿಯುವುದರಿಂದ ಅವುಗಳ ಮೈ ಸುಟ್ಟು ಹೊಪ್ಪಳೆ ಏಳುತ್ತದೆ. ಮುರಿಯುವವುಗಳಲ್ಲಿ ಇವೇ ಮುಂದು.

ಅತಿ ಬಿಗಿಯೂ ಒಂದು ಕಾರಣ. ಬೋಲ್ಟ್ ಬಿಗಿದಾಗ ಅದು ರಬ್ಬರಿನಂತೆ ತುಸು ಹಿಗ್ಗಿ, ಆ ಎಳೆತದಿಂದಲೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. 10 ನಂಬರ್ ಸ್ಪ್ಯಾನರ್ ಬೀಳುವ ಎಂ6 ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಅದು 10 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ 10 ಕಿಲೋ ಭಾರ ಹಾಕಿದಷ್ಟು. ಅದೇ ಕೈಬಲವನ್ನು 20 ಸೆಂಟಿಮೀಟರ್ ಸ್ಪ್ಯಾನರಿನ ತುದಿಯಲ್ಲಿ ಹಾಕಿದರೆ ಬಿಗಿ ಎರಡು ಪಟ್ಟು. ಬೋಲ್ಟ್ ತುಂಡಾಗುವುದು ಅಥವಾ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುವುದು ಆಗಲೇ.

ಬಿಚ್ಚುವ ಮುನ್ನ ಐದು ಕೆಲಸ

* ವೈರ್ ಬ್ರಷ್‌ನಿಂದ ಕೆಸರು, ತುಕ್ಕು ತೆಗೆದು ಹೊರಗೆ ಕಾಣುವ ಥ್ರೆಡ್ ಸ್ವಚ್ಛಗೊಳಿಸಬೇಕು. ತಲೆಯ ಗುಳಿಯಲ್ಲಿ ಕೂತ ಮಣ್ಣನ್ನು ಮೊಳೆಯಿಂದ ಕೆರೆದು ತೆಗೆಯಬೇಕು. ಸ್ಕ್ರೂಡ್ರೈವರ್ ಜಾರುವುದಕ್ಕೆ ಎಷ್ಟೋ ಸಲ ಈ ಮಣ್ಣೇ ಕಾರಣ.

* ಲಾಕ್ ಇದೆಯೇ ನೋಡಬೇಕು. ಮಡಚಿದ ಲಾಕ್ ವಾಷರ್, ಕಾಟರ್ ಪಿನ್, ಥ್ರೆಡ್ಡಿಗೆ ಹಚ್ಚಿದ ಅಂಟು ಇವನ್ನು ಕಾಣದೆ ತಿರುಗಿಸಿದರೆ ತುಂಡಾಗುವುದು ಖಂಡಿತ. ಬೈಕಿನ ಹಿಂದಿನ ಚೈನ್ ಸ್ಪ್ರಾಕೆಟ್‌ನಲ್ಲಿ ಲಾಕ್ ತಗಡು, ಡಿಸ್ಕ್ ಬ್ರೇಕಿನ ಬೋಲ್ಟುಗಳಲ್ಲಿ ಅಂಟು ಇರುವುದು ಸಾಮಾನ್ಯ.

* ತಿರುಗುವ ದಿಕ್ಕು ಖಚಿತ ಮಾಡಿಕೊಳ್ಳಬೇಕು. ಕೆಲವು ಹಳೆಯ ಲಾರಿಗಳ ಎಡಗಡೆ ಗಾಲಿಯ ಸ್ಟಡ್ಡುಗಳಲ್ಲಿ ಎಡಗೈ ಥ್ರೆಡ್ ಇರುತ್ತದೆ. ಅವು ಎಲ್ಲದರಂತೆ ಬಿಚ್ಚದೆ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಸ್ಟಡ್ಡಿನ ತುದಿಯಲ್ಲಿ ಇಂಗ್ಲಿಷಿನ 'ಎಲ್' ಅಕ್ಷರ ಇದೆಯೇ ಎಂದು ನೋಡುವುದು ಒಳ್ಳೆಯದು.

* ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ಡಬ್ಬಿ ಸ್ಪ್ರೇ ಸಿಗದಿದ್ದರೆ ಡೀಸೆಲ್ ಅಥವಾ ಸೀಮೆಎಣ್ಣೆಗೆ ತುಸು ತೆಳುವಾದ ಎಣ್ಣೆ ಬೆರೆಸಿ ಹಾಕಬಹುದು. ಹಾಕಿದ ಕೂಡಲೇ ತಿರುಗಿಸಿದರೆ ಫಲವಿಲ್ಲ. ಸಂಜೆ ಹಾಕಿ, ಮಲಗುವ ಮುನ್ನ ಇನ್ನೊಮ್ಮೆ ಹಾಕಿ, ಬೆಳಿಗ್ಗೆ ಕೈ ಹಚ್ಚುವುದು ಲೇಸು.

* ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಹದವಾಗಿ ಹತ್ತಿಪ್ಪತ್ತು ಪೆಟ್ಟು ಕೊಡಬೇಕು. ಈ ನಡುಕಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ.

ಬೋಲ್ಟ್ ತುಸು ಅಲುಗಿದರೆ ಒಂದೇ ಸಮನೆ ಬಿಚ್ಚಬಾರದು. ಕಾಲು ಸುತ್ತು ಬಿಚ್ಚಿ, ಮತ್ತೆ ಅಷ್ಟೇ ಬಿಗಿದು, ಎಣ್ಣೆ ಹಾಕಿ, ಹಿಂದೆ ಮುಂದೆ ಆಡಿಸುತ್ತಾ ತರಬೇಕು. ಪುಡಿಯಾದ ತುಕ್ಕು ಹೊರಬರಲು ದಾರಿ ಸಿಗದೆ ಥ್ರೆಡ್ಡಿನಲ್ಲಿ ಸಿಕ್ಕಿಕೊಂಡರೆ ಬೋಲ್ಟ್ ನಡುವೆಯೇ ತಿರುಚಿ ತುಂಡಾಗುತ್ತದೆ.

ಪ್ಲಸ್ ಸ್ಕ್ರೂ ಏಕೆ ಸವೆಯುತ್ತದೆ?

ಪ್ಲಸ್ ಗುರುತಿನ ತಲೆಗಳೆಲ್ಲ ಒಂದೇ ಅಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಮಾದರಿಯಲ್ಲಿ ಹೆಚ್ಚು ಬಲ ಬಿದ್ದಾಗ ಸ್ಕ್ರೂಡ್ರೈವರ್ ಮೇಲಕ್ಕೆ ಜಾರುತ್ತದೆ. ಜಪಾನಿನ ಗಾಡಿಗಳಲ್ಲಿ ಬಳಸುವ ಪ್ಲಸ್ ಸ್ಕ್ರೂ ಹೊರನೋಟಕ್ಕೆ ಅದರಂತೆಯೇ ಇದ್ದರೂ ಗುಳಿಯ ಮೂಲೆಗಳ ಆಕಾರ ಬೇರೆ. 1984 ಮತ್ತು 1985ರಲ್ಲಿ ಇಂಡ್ ಸುಜುಕಿ, ಹೀರೋ ಹೋಂಡಾ, ಯಮಾಹಾ ಬೈಕುಗಳು ಬಂದ ಮೇಲೆ ಈ ಸ್ಕ್ರೂಗಳು ನಮ್ಮ ಹಳ್ಳಿಗಳಿಗೂ ಬಂದವು. ತಲೆಯ ಮೇಲೆ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಜಪಾನ್ ಮಾದರಿಯದು ಎಂದು ತಿಳಿಯಬಹುದು. ಇದಕ್ಕೆ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಪೂರ್ತಿ ಕೂರುವುದಿಲ್ಲ, ಕೊನೆಗೆ ಗುಳಿ ದುಂಡಗಾಗುತ್ತದೆ.

ಅಳತೆಯೂ ಮುಖ್ಯ. ಕಾರ್ಬುರೇಟರಿನ ಸಣ್ಣ ಸ್ಕ್ರೂಗಳಿಗೆ 2ನೇ ನಂಬರ್ ತುದಿ ಹೊಂದಿದರೆ, ಎಂಜಿನ್ ಕವರಿನ ಎಂ6 ಸ್ಕ್ರೂಗೆ 3ನೇ ನಂಬರ್ ಬೇಕು. ಮನೆಯಲ್ಲಿರುವ ಒಂದೇ ಸ್ಕ್ರೂಡ್ರೈವರಿನಿಂದ ಎರಡನ್ನೂ ಬಿಚ್ಚಲು ಹೋದರೆ ತಲೆ ಸವೆಯುತ್ತದೆ.

ತುಸು ಸವೆದ ತಲೆಗೆ ವಾಲ್ವ್ ಉಜ್ಜುವ ಗ್ರೈಂಡಿಂಗ್ ಪೇಸ್ಟನ್ನು ಸ್ಕ್ರೂಡ್ರೈವರಿನ ತುದಿಗೆ ಹಚ್ಚಿ ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ. ಅದಕ್ಕೂ ಜಗ್ಗದಿದ್ದರೆ ಸುತ್ತಿಗೆ ಪೆಟ್ಟಿಗೆ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬೇಕು. ಪೆಟ್ಟು ತುದಿಯನ್ನು ಗುಳಿಯೊಳಗೆ ಒತ್ತುತ್ತಲೇ ತಿರುಗಿಸುವುದರಿಂದ ಜಾರುವುದಿಲ್ಲ. ಹೊಡೆಯುವ ಮೊದಲು ಅದನ್ನು ಬಿಚ್ಚುವ ದಿಕ್ಕಿಗೆ ಹೊಂದಿಸಿದೆಯೇ ಎಂದು ನೋಡಬೇಕು. ತೆಳು ಅಲ್ಯೂಮಿನಿಯಂ ಕಿವಿಗಳ ಮೇಲೆ ಮತ್ತು ಕಾರ್ಬುರೇಟರಿನ ಮೇಲೆ ಇದನ್ನು ಬಳಸಬಾರದು, ಒಡೆಯುತ್ತವೆ.

ತಲೆ ಪೂರ್ತಿ ಹೋದಾಗ

ಗುಂಡುತಲೆಯ ಸ್ಕ್ರೂ ಆದರೆ ಹ್ಯಾಕ್ಸಾ ಬ್ಲೇಡಿನಿಂದ ತಲೆಯ ಮೇಲೆ ಅಡ್ಡಗೆರೆ ಕೊಯ್ದು ಚಪ್ಪಟೆ ಸ್ಕ್ರೂಡ್ರೈವರಿನಿಂದ ತಿರುಗಿಸಬಹುದು. ಆರು ಮೂಲೆಯ ತಲೆ ದುಂಡಗಾಗಿದ್ದರೆ ಎರಡು ಎದುರು ಬದಿಗಳನ್ನು ಅರದಿಂದ ಉಜ್ಜಿ ಒಂದು ಅಳತೆ ಕಡಿಮೆ ಸ್ಪ್ಯಾನರ್ ಬಿಗಿಯಾಗಿ ಕೂರುವಂತೆ ಮಾಡಬಹುದು. ಗ್ರಿಪ್ ಪ್ಲೇಯರನ್ನು ಪೂರ್ತಿ ಬಿಗಿದು ಕಚ್ಚಿಸುವುದೂ ಒಂದು ದಾರಿ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಹನ್ನೆರಡು ಮೂಲೆಯದಕ್ಕಿಂತ ಒಳ್ಳೆಯದು, ಏಕೆಂದರೆ ಅದು ಮೂಲೆಯ ಬದಲು ಬದಿಯನ್ನು ಹಿಡಿಯುತ್ತದೆ.

ಇದಾವುದೂ ಆಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ತೆಗೆಯುವುದು ಸುಲಭ. ಎಂ6 ಸ್ಕ್ರೂ ಆದರೆ ತಲೆಯ ನಡುಮಧ್ಯಕ್ಕೆ ಪಂಚ್ ಹೊಡೆದು, ಮೊದಲು ಸಣ್ಣ ಬಿಟ್ಟು, ಆಮೇಲೆ ಸುಮಾರು 6.5 ಮಿಲಿಮೀಟರ್ ಬಿಟ್ಟು ಹಾಕಿ ತಲೆಯ ಆಳದಷ್ಟೇ ಕೊರೆಯಬೇಕು. ತಲೆ ಉಂಗುರದಂತೆ ಕಳಚಿ ಬರುತ್ತದೆ. ಕವರ್ ತೆಗೆದ ಮೇಲೆ ಉಳಿದ ಕಾಂಡದ ಮೇಲೆ ಎಳೆತ ಇರುವುದಿಲ್ಲವಾದ್ದರಿಂದ ಎಷ್ಟೋ ಸಲ ಅದು ಪ್ಲೇಯರಿಗೇ ಬಂದುಬಿಡುತ್ತದೆ.

ಹೊರಗೆ ಚಾಚಿರುವ ಸ್ಟಡ್ ಬಿಚ್ಚುವುದು

ಚೆನ್ನಾಗಿರುವ ಸ್ಟಡ್ಡನ್ನು ಎಂದೂ ಪ್ಲೇಯರಿನಿಂದ ಕಚ್ಚಿ ತಿರುಗಿಸಬಾರದು, ಥ್ರೆಡ್ ಹಾಳಾಗುತ್ತದೆ. ಎರಡು ನಟ್ಟುಗಳ ಉಪಾಯ ಎಲ್ಲರಿಗೂ ಗೊತ್ತಿರಬೇಕಾದದ್ದು. ಸ್ಟಡ್ಡಿಗೆ ಒಂದರ ಮೇಲೊಂದು ಎರಡು ನಟ್ಟು ಹಾಕಿ, ಎರಡು ಸ್ಪ್ಯಾನರಿನಿಂದ ಒಂದಕ್ಕೊಂದು ಬಿಗಿಯಬೇಕು. ಆಮೇಲೆ ಕೆಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸ್ಟಡ್ ಹೊರಬರುತ್ತದೆ. ಹಾಕುವಾಗ ಮೇಲಿನ ನಟ್ಟನ್ನು ತಿರುಗಿಸಬೇಕು.

ಬಿಸಿ ಕೊಡುವ ವಿಧಾನ

ಒಂದೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಉಕ್ಕಿನ ಸ್ಟಡ್ ಕೂತ ಅಲ್ಯೂಮಿನಿಯಂ ಮೈಯನ್ನು 100 ಡಿಗ್ರಿಯಷ್ಟು ಕಾಯಿಸಿದರೆ 8 ಮಿಲಿಮೀಟರ್ ತೂತಿನಲ್ಲಿ ಸಿಗುವ ಸಡಿಲ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಮಾತ್ರ. ಆದರೆ ತುಕ್ಕಿನ ಹಿಡಿತ ಮುರಿಯಲು ಅಷ್ಟೇ ಸಾಕಾಗುತ್ತದೆ. ಇಲ್ಲಿ ಕಾಯಿಸಬೇಕಾದದ್ದು ಸ್ಟಡ್ಡಿನ ಸುತ್ತಲಿನ ಮೈಯನ್ನು.

ಎರಕದ ಕಬ್ಬಿಣದಲ್ಲಿ ಕೂತ ಸ್ಟಡ್ ಅಥವಾ ನಟ್ಟಿಗೆ ಗ್ಯಾಸ್ ಟಾರ್ಚಿನ ಬಿಸಿ ಬೇಕಾಗುತ್ತದೆ. ಕಾಯ್ದ ಬೋಲ್ಟಿನ ಬುಡಕ್ಕೆ ಮೇಣದಬತ್ತಿ ತಾಗಿಸಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಎಳೆದುಕೊಳ್ಳುತ್ತದೆ. ಅಂಟು ಹಾಕಿದ ಬೋಲ್ಟುಗಳಲ್ಲಿ ಗಟ್ಟಿ ಜಾತಿಯ ಅಂಟು ಸುಮಾರು 250 ಡಿಗ್ರಿ ಬಿಸಿಗೆ ಮೆತ್ತಗಾಗುತ್ತದೆ. ಆ ಬಿಸಿಯಲ್ಲೇ ಬಿಚ್ಚಬೇಕು, ತಣಿದರೆ ಮತ್ತೆ ಹಿಡಿದುಕೊಳ್ಳುತ್ತದೆ.

ಬಿಸಿ ಕೊಡುವಾಗ ಈ ಎಚ್ಚರಿಕೆಗಳನ್ನು ಮರೆಯಬಾರದು:

* ಟೈರ್ ಕೂತಿರುವ ರಿಮ್ಮಿನ ಮೇಲೆ, ಆ ಗಾಲಿಯ ನಟ್ಟಿನ ಮೇಲೆ ಬೆಂಕಿ ಅಥವಾ ವೆಲ್ಡಿಂಗ್ ಎಂದಿಗೂ ಕೂಡದು. ಒಳಗಿನ ರಬ್ಬರ್ ಕಾದು ಹೊರಬಿಡುವ ಅನಿಲಕ್ಕೆ ಬೆಂಕಿ ತಗುಲಿ ಟೈರ್ ಬಾಂಬಿನಂತೆ ಸಿಡಿಯುತ್ತದೆ. ಗಾಳಿ ಬಿಟ್ಟಿದ್ದರೂ ಈ ಅಪಾಯ ಇದ್ದೇ ಇದೆ. ಇಂಥ ನಟ್ಟನ್ನು ಕತ್ತರಿಸಿಯೋ ಸೀಳಿಯೋ ತೆಗೆಯಬೇಕು.

* ಪೆಟ್ರೋಲ್ ಟ್ಯಾಂಕ್, ಕಾರ್ಬುರೇಟರ್, ಬ್ರೇಕ್ ಎಣ್ಣೆಯ ಪೈಪ್ ಹತ್ತಿರ ಇದ್ದರೆ ಮೊದಲು ಅವನ್ನು ಬಿಚ್ಚಿ ದೂರ ಇಡಬೇಕು.

* ಸ್ಪ್ರೇ ಡಬ್ಬಿಯ ಬ್ರೇಕ್ ಕ್ಲೀನರ್ ಬಳಸಿದ ಜಾಗದಲ್ಲಿ ವೆಲ್ಡಿಂಗ್ ಮಾಡಬಾರದು. ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

* ಸತು ಲೇಪದ ಬೋಲ್ಟ್ ಕಾಯಿಸಿದರೆ ಬರುವ ಬಿಳಿ ಹೊಗೆ ಉಸಿರಿಗೆ ಹೋಗಬಾರದು. ಬಯಲಲ್ಲಿ ಕೆಲಸ ಮಾಡಬೇಕು.

* ಬೇರಿಂಗ್, ಆಯಿಲ್ ಸೀಲ್ ಪಕ್ಕದಲ್ಲಿದ್ದರೆ ಬಿಸಿಯಿಂದ ಅವೂ ಹಾಳಾಗುತ್ತವೆ.

ಒಳಗೆ ತುಂಡಾಗಿ ಉಳಿದಾಗ: ನಟ್ಟು ವೆಲ್ಡ್ ಮಾಡುವುದು

ತುಂಡು ಮೇಲ್ಮೈಗೆ ಸಮವಾಗಿ ಅಥವಾ ತುಸು ಮೇಲೆ ಇದ್ದರೆ ಇದೇ ಒಳ್ಳೆಯ ದಾರಿ. ತುಂಡಿನ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗಿನಿಂದ ವೆಲ್ಡ್ ಮಾಡಿ ತುಂಡಿಗೆ ಕೂಡಿಸಬೇಕು. ಕೆಂಪು ಇಳಿಯುವವರೆಗೆ ಕಾದು, ಮೆಲ್ಲನೆ ಹಿಂದೆ ಮುಂದೆ ಆಡಿಸುತ್ತಾ ಬಿಚ್ಚಬೇಕು. ವೆಲ್ಡಿಂಗಿನ ಬಿಸಿಯೇ ತುಕ್ಕಿನ ಹಿಡಿತವನ್ನು ಮುರಿಯುವುದರಿಂದ ಇದಕ್ಕೆ ಎರಡು ಲಾಭ. ಅಲ್ಯೂಮಿನಿಯಂ ಮೈಗೆ ಉಕ್ಕಿನ ವೆಲ್ಡ್ ಅಂಟುವುದಿಲ್ಲವಾದ್ದರಿಂದ ಅಲ್ಲಿಯೂ ನುರಿತ ಕೈಗಳು ಇದನ್ನು ಮಾಡುತ್ತವೆ. ಮೊದಲ ಸಲ ವೆಲ್ಡ್ ಕಿತ್ತು ಬಂದರೆ ಹೊಸ ನಟ್ಟು ಇಟ್ಟು ಮತ್ತೆ ಮಾಡಬೇಕು. ಮೂರನೆಯ ಸಲಕ್ಕೆ ಬಂದ ಉದಾಹರಣೆಗಳು ಬೇಕಾದಷ್ಟಿವೆ.

ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ವೈರ್ ಬಿಚ್ಚಬೇಕು. ಅರ್ತಿಂಗ್ ಕ್ಲಾಂಪನ್ನು ವೆಲ್ಡ್ ಮಾಡುವ ಭಾಗಕ್ಕೇ ಹಾಕಬೇಕು. ದೂರದ ಚಾಸಿಗೆ ಹಾಕಿದರೆ ಕರೆಂಟು ಬೇರಿಂಗಿನ ಮೂಲಕ ಹಾದು, ಗೋಲಿಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಸುಟ್ಟ ಗಾಯ ಮಾಡುತ್ತದೆ. ಸ್ಟಡ್ ಬಂತು ಎಂಬ ಖುಷಿ ಬೇರಿಂಗ್ ಕೂಗುವವರೆಗೆ ಮಾತ್ರ.

ಡ್ರಿಲ್ ಮತ್ತು ಎಕ್ಸ್‌ಟ್ರಾಕ್ಟರ್

ತುಂಡು ತೂತಿನ ಆಳದಲ್ಲಿದ್ದರೆ ಕೊರೆಯಲೇಬೇಕು. ಇಲ್ಲಿ ಎಲ್ಲವೂ ನಿಂತಿರುವುದು ಮೊದಲ ಪಂಚ್ ಗುರುತಿನ ಮೇಲೆ. ತುಂಡಿನ ಮೇಲ್ಮೈ ಓರೆಕೋರೆ ಇದ್ದರೆ ಮೊದಲು ಸಮ ಮಾಡಿ, ನಡುಮಧ್ಯಕ್ಕೆ ಪಂಚ್ ಹೊಡೆಯಬೇಕು. ಬದಿಗೆ ಜಾರಿದರೆ ಗಟ್ಟಿ ಉಕ್ಕನ್ನು ಬಿಟ್ಟು ಬಿಟ್ಟು ಮೆತ್ತನೆ ಅಲ್ಯೂಮಿನಿಯಂ ಕಡೆಗೆ ಓಡುತ್ತದೆ. ಸರಿಯಾದ ತೂತು ಬೇಕಿದ್ದರೆ, ಮೂಲ ಬೋಲ್ಟಿನ ತೂತಿಗೆ ಹೊರಗಿನಿಂದ ಹೊಂದುವ ಒಂದು ಸಣ್ಣ ಬುಷ್ಷನ್ನು ಲೇತಿನಲ್ಲಿ ಮಾಡಿಸಿ, ಅದರ ನಡುವಿನಿಂದ ಬಿಟ್ಟು ಇಳಿಸಬಹುದು. ಎಡಕ್ಕೆ ತಿರುಗುವ ಬಿಟ್ಟು ಸಿಕ್ಕರೆ ಇನ್ನೂ ಒಳ್ಳೆಯದು, ಕೊರೆಯುತ್ತಿರುವಾಗಲೇ ತುಂಡು ಕಚ್ಚಿಕೊಂಡು ಹೊರಬರುವುದುಂಟು.

ತೂತು ಬೋಲ್ಟಿನ ದಪ್ಪದ ಸುಮಾರು ಅರ್ಧದಷ್ಟಿರಲಿ. ಅದಕ್ಕೆ ಎಡ ಸುರುಳಿಯ ಎಕ್ಸ್‌ಟ್ರಾಕ್ಟರ್ ಇಳಿಸಿ, ಟ್ಯಾಪ್ ಹಿಡಿಯಿಂದ ನಿಧಾನವಾಗಿ ತಿರುಗಿಸಬೇಕು. ಇಲ್ಲಿ ಒಂದು ಮಾತು ನೆನಪಿರಲಿ. ಬೋಲ್ಟಿನ ಇಡೀ ದಪ್ಪವೇ ಯಾವ ಬಿಗಿಗೆ ತುಂಡಾಯಿತೋ, ಅದರ ಅರ್ಧ ದಪ್ಪದ ಎಕ್ಸ್‌ಟ್ರಾಕ್ಟರ್ ಆ ಬಿಗಿಯನ್ನು ಬಿಚ್ಚುತ್ತದೆ ಎಂದು ನಂಬಿ ಬಲ ಹಾಕಬಾರದು. ಎಕ್ಸ್‌ಟ್ರಾಕ್ಟರ್ ಒಳಗೇ ಮುರಿದರೆ ಅದರ ಗಟ್ಟಿ ಉಕ್ಕಿಗೆ ಸಾಮಾನ್ಯ ಬಿಟ್ಟು ತಾಗುವುದಿಲ್ಲ. ಆಮೇಲೆ ಕಿಡಿಯಿಂದ ಲೋಹ ತಿನ್ನಿಸುವ ಸ್ಪಾರ್ಕ್ ಎರೋಷನ್ ಯಂತ್ರ ಇರುವ ದೊಡ್ಡ ಊರಿನ ವರ್ಕ್‌ಶಾಪಿಗೇ ಹೋಗಬೇಕು. ಅತಿ ಬಿಗಿಯಿಂದ ತುಂಡಾದ ಬೋಲ್ಟಿಗೆ ಎಕ್ಸ್‌ಟ್ರಾಕ್ಟರ್ ಕೆಲಸ ಮಾಡುತ್ತದೆ. ತುಕ್ಕಿನಿಂದ ಹಿಡಿದು ತುಂಡಾದದ್ದಕ್ಕೆ ಮೊದಲು ಬಿಸಿ, ಎಣ್ಣೆ ಕಾಣಿಸಬೇಕು.

ಇದೂ ಆಗದಿದ್ದರೆ ಥ್ರೆಡ್ಡಿನ ಒಳ ಅಂಚು ಕಾಣುವವರೆಗೆ ಹಂತ ಹಂತವಾಗಿ ದೊಡ್ಡ ಬಿಟ್ಟು ಹಾಕಿ, ಉಳಿದ ಸುರುಳಿಯನ್ನು ಚೂಪು ಮೊಳೆಯಿಂದ ಎಬ್ಬಿಸಿ, ಟ್ಯಾಪ್ ಹಾಕಿ ಸ್ವಚ್ಛಗೊಳಿಸಬೇಕು. ಸಿಲಿಂಡರ್, ಕ್ರ್ಯಾಂಕ್‌ಕೇಸ್ ಬಾಯಿಗಳನ್ನು ಮೊದಲೇ ಬಟ್ಟೆಯಿಂದ ಮುಚ್ಚಿರಬೇಕು. ಟ್ಯಾಪಿನ ಗೀರುಗಳಿಗೆ ಗ್ರೀಸ್ ತುಂಬಿದರೆ ಪುಡಿ ಅದಕ್ಕೆ ಅಂಟಿ ಹೊರಬರುತ್ತದೆ. ಕಣ್ಣಿಗೆ ಕನ್ನಡಕ ಇಲ್ಲದೆ ಡ್ರಿಲ್ ಹಿಡಿಯಬಾರದು.

ತೂತಿನ ಥ್ರೆಡ್ ಹೋದಾಗ

ಸುಮ್ಮನೆ ಸುತ್ತುವ ಬೋಲ್ಟಿಗೆ ದಾರ ಸುತ್ತುವುದು, ತಗಡಿನ ಚೂರು ಇಡುವುದು ಹಲವು ಕಡೆ ಕಾಣುವ ಕೆಲಸ. ಆಯಿಲ್ ಡ್ರೈನ್ ಬೋಲ್ಟಿಗೆ ಹೀಗೆ ಮಾಡಿದರೆ ದಾರಿಯಲ್ಲಿ ಎಣ್ಣೆ ಪೂರ್ತಿ ಸೋರಿ ಎಂಜಿನ್ ಸೀಜ್ ಆಗುತ್ತದೆ. ಸರಿಯಾದ ಮದ್ದು ಎರಡು. ಸುತ್ತ ಸಾಕಷ್ಟು ದಪ್ಪ ಲೋಹ ಇದ್ದರೆ ಒಂದು ಅಳತೆ ಹೆಚ್ಚಿನ ಟ್ಯಾಪ್ ಹಾಕಿ ದೊಡ್ಡ ಬೋಲ್ಟ್ ಹಾಕುವುದು ಒಂದು. ಹೆಲಿಕಾಯಿಲ್ ಎಂಬ ಸ್ಟೇನ್‌ಲೆಸ್ ತಂತಿಯ ಸುರುಳಿ ಕೂರಿಸಿ ಮೂಲ ಅಳತೆಯ ಬೋಲ್ಟನ್ನೇ ಹಾಕುವುದು ಇನ್ನೊಂದು. ಇದಕ್ಕೆ ಅದರದೇ ಟ್ಯಾಪ್ ಬೇಕು, ಮಾಮೂಲು ಟ್ಯಾಪ್ ಆಗದು. ಚೆನ್ನಾಗಿ ಕೂತ ಹೆಲಿಕಾಯಿಲ್ ಬರಿಯ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಬಾಳಿಕೆ ಬರುತ್ತದೆ.

ಮಾಮೂಲು ಟ್ಯಾಪಿಗೆ ಮುನ್ನ ಹಾಕಬೇಕಾದ ಡ್ರಿಲ್ ಅಳತೆ ಹೀಗಿದೆ:

* ಎಂ6, ಪಿಚ್ 1.0 – ಡ್ರಿಲ್ 5.0 ಮಿ.ಮೀ.
* ಎಂ8, ಪಿಚ್ 1.25 – ಡ್ರಿಲ್ 6.8 ಮಿ.ಮೀ.
* ಎಂ10, ಪಿಚ್ 1.5 – ಡ್ರಿಲ್ 8.5 ಮಿ.ಮೀ.
* ಎಂ10, ಪಿಚ್ 1.25 – ಡ್ರಿಲ್ 8.8 ಮಿ.ಮೀ.
* ಎಂ12, ಪಿಚ್ 1.75 – ಡ್ರಿಲ್ 10.2 ಮಿ.ಮೀ.

ಗಾಲಿ ಹಬ್ಬಿನ ಸ್ಟಡ್

ಗಾಲಿಯ ಕೆಲಸಕ್ಕೆ ಮುನ್ನ ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಗಾಲಿಗಳಿಗೆ ಅಡ್ಡ ಕೊಟ್ಟು, ಜಾಕಿಯ ಜೊತೆಗೆ ಸ್ಟ್ಯಾಂಡ್ ಇಡಬೇಕು. ಇಟ್ಟಿಗೆ, ಸೈಜುಕಲ್ಲು ನಂಬಿ ಗಾಡಿಯ ಕೆಳಗೆ ಹೋಗಬಾರದು.

ಸ್ಟಡ್ಡೇ ನಟ್ಟಿನ ಜೊತೆ ತಿರುಗುತ್ತಿದ್ದರೆ ಅದರ ಕುತ್ತಿಗೆಯ ಹಲ್ಲು ಸವೆದಿದೆ ಎಂದರ್ಥ. ಆ ಸ್ಟಡ್ ಹೇಗೂ ಹೋಯಿತು, ಉಳಿಸಬೇಕಾದದ್ದು ಹಬ್ಬನ್ನು. ನಟ್ ಸ್ಪ್ಲಿಟರ್ ಹಾಕಿ ಅಥವಾ ಉಳಿಯಿಂದ ನಟ್ಟನ್ನು ಸೀಳಿ ಗಾಲಿ ತೆಗೆಯಬೇಕು. ಹಳೆಯ ಸ್ಟಡ್ಡನ್ನು ಹೊರಗಿನಿಂದ ಒಳಕ್ಕೆ ಒತ್ತಿ ತೆಗೆಯಬೇಕು. ಹಬ್ಬನ್ನು ಬಿಚ್ಚಿ ಪಟ್ಟರೆಯ ಪ್ರೆಸ್ಸಿನಲ್ಲಿ ಒತ್ತಿಸುವುದು ಸರಿಯಾದ ಕ್ರಮ. ಗಾಡಿಯಲ್ಲಿರುವಾಗಲೇ ದೊಡ್ಡ ಸುತ್ತಿಗೆಯಿಂದ ಹೊಡೆದರೆ ಪೆಟ್ಟು ಬೇರಿಂಗಿನ ಗೋಲಿಗಳ ಮೇಲೆ ಬೀಳುತ್ತದೆ.

ಹೊಸ ಸ್ಟಡ್ಡನ್ನು ಹಳೆಯ ಹಲ್ಲಿನ ಗುರುತಿಗೆ ಹೊಂದಿಸಿ ಹಿಂಬದಿಯಿಂದ ಒತ್ತಬೇಕು. ತಲೆ ಹಬ್ಬಿಗೆ ಪೂರ್ತಿ ಅಂಟಿ ಕೂರಬೇಕು, ಕೂದಲೆಳೆ ಸಂದಿದ್ದರೂ ಓಡಾಟದಲ್ಲಿ ಅದು ಒಳಗೆ ಸರಿದು ನಟ್ಟು ಸಡಿಲವಾಗುತ್ತದೆ. ತೂತೇ ಅಗಲವಾಗಿ ಹೊಸ ಸ್ಟಡ್ಡೂ ತಿರುಗುತ್ತಿದ್ದರೆ ಹಬ್ ಬದಲಿಸುವುದೊಂದೇ ದಾರಿ. ಸ್ಟಡ್ಡಿನ ತಲೆಗೆ ವೆಲ್ಡಿಂಗ್ ಚುಕ್ಕೆ ಇಡಿಸಿಕೊಂಡು ಹೋಗುವವರಿದ್ದಾರೆ. ಹದ ಕೊಟ್ಟ ಉಕ್ಕು ವೆಲ್ಡಿಂಗಿನ ಬಿಸಿಗೆ ಪೆಡಸಾಗಿ, ಹೊರೆ ಹೊತ್ತಾಗ ತಟ್ಟನೆ ಮುರಿಯುತ್ತದೆ.

ಒಂದು ಸ್ಟಡ್ ತುಂಡಾದರೆ ಅದರ ಹೊರೆಯನ್ನು ಎರಡೂ ಪಕ್ಕದವು ಹೊತ್ತಿರುತ್ತವೆ. ಆದ್ದರಿಂದ ಲಾರಿ, ಟ್ರೇಲರ್‌ಗಳಲ್ಲಿ ಒಂದು ಮುರಿದರೆ ಎರಡು ಪಕ್ಕದ್ದನ್ನೂ ಬದಲಿಸಬೇಕು. ಎರಡೋ ಹೆಚ್ಚೋ ಮುರಿದಿದ್ದರೆ ಆ ಗಾಲಿಯ ಎಲ್ಲವನ್ನೂ ಬದಲಿಸಬೇಕು. 'ಇನ್ನೂ ನಾಲ್ಕು ಇವೆಯಲ್ಲ' ಎಂದು ಕಬ್ಬು ತುಂಬಿಕೊಂಡು ಹೊರಡುವುದು ಸರಿಯಲ್ಲ.

ಅಂಗಡಿಯಲ್ಲಿ ಕಣ್ಣಳತೆ ಬೇಡ

ಬದಲಿ ಬೋಲ್ಟ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದು 'ಇದೇ ಥರದ್ದು ಕೊಡಿ' ಎನ್ನುವುದು ವಾಡಿಕೆ. ಇದರ ಅಪಾಯ ಜಗತ್ತಿಗೆ ಗೊತ್ತಾದದ್ದು 1990ರ ಜೂನ್ 10ರಂದು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು ಆಕಾಶದಲ್ಲೇ ಕಿತ್ತುಹೋಗಿ, ಕ್ಯಾಪ್ಟನ್ ಅರ್ಧ ದೇಹ ಹೊರಗೆ ಸಿಕ್ಕಿಕೊಂಡರು. ಸಿಬ್ಬಂದಿ ಅವರನ್ನು ಹಿಡಿದುಕೊಂಡಿದ್ದರಿಂದ ಬದುಕಿದರು. ಗಾಜು ಹಿಡಿದಿದ್ದ 90 ಬೋಲ್ಟುಗಳಲ್ಲಿ 84ರ ದಪ್ಪ ಬೇಕಾದದ್ದಕ್ಕಿಂತ ಸುಮಾರು 0.66 ಮಿಲಿಮೀಟರ್ ಕಡಿಮೆ ಇತ್ತು ಎಂದು ತನಿಖೆಯಲ್ಲಿ ತಿಳಿಯಿತು. ಅವನ್ನು ಆರಿಸಿದ್ದು ಹಳೆಯ ಬೋಲ್ಟಿನ ಜೊತೆ ಕಣ್ಣಿನಲ್ಲಿ ಹೋಲಿಸಿ ನೋಡಿಯೇ.

ನಮ್ಮ ಕಡೆಯೂ ಇದು ದೂರದ ಮಾತಲ್ಲ. ಮ್ಯಾಸಿ ಫರ್ಗ್ಯುಸನ್ ಮೂಲದ ಹಳೆಯ ಟ್ರ್ಯಾಕ್ಟರುಗಳಲ್ಲಿ, ಇಂಗ್ಲೆಂಡ್ ಮಾದರಿಯ ಹಳೆಯ ಪಂಪ್ ಎಂಜಿನ್ನುಗಳಲ್ಲಿ ಇಂಚು ಅಳತೆಯ ಥ್ರೆಡ್ ಇರುತ್ತದೆ. ಐದು ಬೈ ಹದಿನಾರು ಇಂಚು ಎಂದರೆ 7.94 ಮಿಲಿಮೀಟರ್, ಕಣ್ಣಿಗೆ ಎಂ8ರಂತೆಯೇ ಕಾಣುತ್ತದೆ. ಹಾಕಿದರೆ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಬಲವಂತ ಮಾಡಿದರೆ ಥ್ರೆಡ್ ಹೋಗುತ್ತದೆ. ಕಾರಿನ ಎಂ12 ಗಾಲಿ ಸ್ಟಡ್ಡುಗಳಲ್ಲೇ 1.25 ಮತ್ತು 1.5 ಎಂಬ ಎರಡು ಪಿಚ್ ಉಂಟು. ಥ್ರೆಡ್ ಗೇಜ್ ಹಿಡಿದು ನೋಡಬೇಕು. ಹೊಸ ನಟ್ಟು ಕೈಬೆರಳಲ್ಲೇ ಕೊನೆಯವರೆಗೆ ಹೋಗಬೇಕು, ಇದು ಎಲ್ಲಕ್ಕಿಂತ ಸುಲಭ ಪರೀಕ್ಷೆ.

ತಲೆಯ ಮೇಲಿನ ಅಂಕಿಯನ್ನೂ ನೋಡಬೇಕು. 8.8 ಎಂದಿದ್ದರೆ ಅದು ತುಂಡಾಗುವ ಬಲ ಚದರ ಮಿಲಿಮೀಟರಿಗೆ ಸುಮಾರು 800 ನ್ಯೂಟನ್, 10.9 ಎಂದಿದ್ದರೆ ಸುಮಾರು 1000 ನ್ಯೂಟನ್. ಅಂಕಿಯಿಲ್ಲದ ಬೋಲ್ಟ್ ಬೇಲಿ ಗೇಟಿಗೆ ಸಾಕು, ಸಿಲಿಂಡರ್ ಹೆಡ್ಡಿಗೂ ಗಾಲಿಗೂ ಸಲ್ಲದು.

ಮತ್ತೆ ಹಾಕುವಾಗ

* ತಳ ಮುಚ್ಚಿದ ತೂತಿನಲ್ಲಿ ಎಣ್ಣೆ, ನೀರು ನಿಂತಿದ್ದರೆ ಬಟ್ಟೆ ಮತ್ತು ಗಾಳಿಯಿಂದ ತೆಗೆಯಬೇಕು. ಬೋಲ್ಟ್ ಇಳಿದಾಗ ದ್ರವಕ್ಕೆ ದಾರಿಯಿಲ್ಲದೆ ಎರಕದ ಮೈ ಬಿರಿಯುತ್ತದೆ. ಹೆಡ್ ಸ್ಟಡ್ಡುಗಳಲ್ಲಿ ಇದು ಮುಖ್ಯ.

* ಸೈಲೆನ್ಸರ್ ಸ್ಟಡ್ಡಿಗೆ ಬಿಸಿ ತಡೆಯುವ ತಾಮ್ರದ ಗ್ರೀಸ್ ಹಚ್ಚಿದರೆ ಮುಂದಿನ ಸಲ ಸುಲಭವಾಗಿ ಬಿಚ್ಚುತ್ತದೆ. ಗಾಲಿ ನಟ್ಟು ಕೂರುವ ಓರೆಯ ಮೇಲೆ ಕಂಪನಿ ಪುಸ್ತಕ ಹೇಳದ ಹೊರತು ಗ್ರೀಸ್, ಎಣ್ಣೆ ಬೇಡ. ಜಾರು ಹೆಚ್ಚಿದರೆ ಅದೇ ಬಿಗಿಗೆ ಸ್ಟಡ್ ಅತಿಯಾಗಿ ಹಿಗ್ಗುತ್ತದೆ.

* ಎಲ್ಲ ಬೋಲ್ಟುಗಳನ್ನು ಮೊದಲು ಕೈಯಲ್ಲಿ ಹಾಕಿ, ಆಮೇಲೆ ಎದುರುಬದುರಾಗಿ ಎರಡು ಮೂರು ಹಂತದಲ್ಲಿ ಬಿಗಿಯಬೇಕು.

* ಎಂ6ಕ್ಕೆ ಸುಮಾರು 10, 8.8 ಗುರುತಿನ ಎಂ8ಕ್ಕೆ ಸುಮಾರು 25 ನ್ಯೂಟನ್ ಮೀಟರ್ ಸಾಮಾನ್ಯ ಬಿಗಿ. ಅಲ್ಯೂಮಿನಿಯಂ ತೂತಾದರೆ ಇದಕ್ಕಿಂತ ಕಡಿಮೆ ಇರಬಹುದು. ಹೆಡ್, ಗಾಲಿ, ಬ್ರೇಕ್ ಇವಕ್ಕೆ ಆಯಾ ಗಾಡಿಯ ಪುಸ್ತಕದ ಅಂಕಿಯೇ ಪ್ರಮಾಣ.

* ಗಾಲಿ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿದಾಗ ನಟ್ಟುಗಳನ್ನು ಮತ್ತೊಮ್ಮೆ ಟಾರ್ಕ್ ಸ್ಪ್ಯಾನರಿನಿಂದ ನೋಡಬೇಕು. ಹೊರೆ ಹೇರುವ ಗಾಡಿಗೆ ಇದು ತಪ್ಪಿಸಲಾಗದ ಕೆಲಸ.

ಯಾವಾಗ ನಿಲ್ಲಿಸಬೇಕು?

ತಲೆ ಸವೆದ ಸ್ಕ್ರೂ, ಚಾಚಿದ ಸ್ಟಡ್, ತಲೆ ಡ್ರಿಲ್ ಮಾಡುವುದು, ಇವು ಮನೆಯಲ್ಲೇ ಆಗುವ ಕೆಲಸ. ಸಿಲಿಂಡರ್ ಹೆಡ್ಡಿನಲ್ಲಿ ಆಳಕ್ಕೆ ತುಂಡಾದ ಸ್ಟಡ್, ಒಳಗೆ ಮುರಿದ ಎಕ್ಸ್‌ಟ್ರಾಕ್ಟರ್ ಅಥವಾ ಟ್ಯಾಪ್, ಒತ್ತಿ ಕೂರಿಸುವ ಗಾಲಿ ಸ್ಟಡ್ ಇವನ್ನು ಪಟ್ಟರೆಗೇ ಒಯ್ಯಬೇಕು. ಕೆಟ್ಟುಹೋದ ಮೇಲೆ ತಂದದ್ದಕ್ಕಿಂತ, ಇನ್ನೂ ಕೈ ಹಚ್ಚದೆ ತಂದ ತುಂಡನ್ನು ತೆಗೆಯುವುದು ಲೇತಿನವರಿಗೂ ಸುಲಭ, ತಂದವರ ಜೇಬಿಗೂ ಹಗುರ. ಒಂದು ವಿಧಾನದಲ್ಲಿ ಬೋಲ್ಟ್ ಜಗ್ಗದಿದ್ದರೆ ಬಲ ಹೆಚ್ಚಿಸಬಾರದು, ವಿಧಾನ ಬದಲಿಸಬೇಕು. ಎಣ್ಣೆ ಹಾಕಿ ಒಂದು ರಾತ್ರಿ ಬಿಡುವುದಕ್ಕೆ ಖರ್ಚೇನೂ ಇಲ್ಲ.